ಮಂಟಪಕ್ಕೆ ಕರೆತರುವ ಕೈ

ಬಳೆಶಾಸ್ತ್ರದ ದಿನ ಗವಿಪುರದ ಆ ಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ನಡುಮನೆಯಲ್ಲಿ ಬಳೆಗಾರ ಹಸಿರು ಗಾಜಿನ ಬಳೆ ಹರಡಿಕೊಂಡು ಕೂತಿದ್ದ. ಮದುಮಗಳು ಆರಾಧನಾ ಮಾತ್ರ ಕೋಣೆ ಬಿಟ್ಟು ಬಂದಿರಲಿಲ್ಲ. ಕರೆಯಲು ಹೋದ ತಾಯಿ ಮಾಧವಿಗೆ ಕೈತುಂಬ ಕೆಲಸ, ಬಾಯ್ತುಂಬ ಗೊಣಗಾಟ.

"ಏಳೇ, ಮಾವ ಸೀರೆ ತರ್ತಿದಾನೆ. ಮುಖ ಗಂಟು ಹಾಕ್ಕೊಂಡಿರ್ಬೇಡ."

"ಅಮ್ಮ, ಬದರಿ ಮಾವನ ಕೈ ಹಿಡ್ಕೊಂಡು ನಾನು ಮಂಟಪಕ್ಕೆ ಬರಲ್ಲ."

ಮಾಧವಿ ನಕ್ಕೇಬಿಟ್ಟಳು. ಮದುಮಗಳನ್ನು ಮಂಟಪಕ್ಕೆ ಕರೆತರುವವನು ಸೋದರಮಾವ. ಇವರ ಮನೆತನದಲ್ಲಿ ಅದು ತಪ್ಪಿದ್ದೇ ಇಲ್ಲ. ಬದರೀನಾರಾಯಣನೋ ಅವಳಿಗೆ ಒಬ್ಬನೇ ತಮ್ಮ, ತಾನೇ ಎತ್ತಿ ಆಡಿಸಿದವನು. "ಇನ್ಯಾರ ಕೈ ಹಿಡೀತೀಯಮ್ಮ, ಪುರೋಹಿತರದ್ದಾ?" ಎಂದು ಛೇಡಿಸಿದಳು.

ಆರಾಧನಾ ನಗಲಿಲ್ಲ. ಬಾಗಿಲ ಚಿಲಕ ಹಾಕಿ, ನೆಲ ನೋಡುತ್ತ ಹೇಳಿದಳು. ಎರಡು ವರ್ಷದ ಹಿಂದೆ ಅಮ್ಮ ಆಪರೇಷನ್ನಿಗೆಂದು ಆಸ್ಪತ್ರೆ ಸೇರಿದ್ದಾಗ, ಅಪ್ಪ ಅಲ್ಲಿ ಜೊತೆಗಿದ್ದಾಗ, ಆಫೀಸಿನಿಂದ ಬರುವ ಹುಡುಗಿ ಒಬ್ಬಳೇ ಆಗುತ್ತಾಳೆಂದು ಮನೆಗೆ ಬಂದು ಉಳಿದಿದ್ದ ಮಾವ ಅವಳ ಮೇಲೆ ಬಲಾತ್ಕಾರ ಮಾಡಿದ್ದ. ಬೇಡ ಮಾವ, ಬೇಡ ಎಂದು ಬೇಡಿಕೊಂಡರೂ ಬಿಟ್ಟಿರಲಿಲ್ಲ. ಮರುದಿನ ಬೆಳಿಗ್ಗೆ ಏನೂ ಆಗದವನಂತೆ ಕಾಫಿ ಕೇಳಿದ್ದ.

ಮಾಧವಿಯ ಬಾಯಿಂದ ಬಂದದ್ದು ಬರಬಾರದ ಮಾತೇ: "ಕೂಗ್ಬಾರ್ದಿತ್ತೇನೆ?"

"ಕೈಕಾಲೇ ಆಡ್ಲಿಲ್ಲಮ್ಮ. ಯಾರನ್ನ ಕೂಗ್ಲಿ? ಏನಾದ್ರೂ ಆದ್ರೆ ಮಾವನ್ನ ಕೂಗು ಅಂತ ನೀನೇ ಹೇಳಿದ್ದೆ." ಆರಾಧನಾ ಮುಖ ಒರೆಸಿಕೊಂಡಳು. "ವಸಿಷ್ಠಂಗೆ ಹೇಳಿದೀನಿ. ನಿಂಗೆ ಹೇಳೋದಕ್ಕೇ ಭಯ."

ನಾಳೆ ತಾಳಿ ಕಟ್ಟುವ ಹುಡುಗನಿಗೆ ಗೊತ್ತು, ಹೆತ್ತವಳಿಗೆ ಗೊತ್ತಿಲ್ಲ! ಮಾಧವಿಗೆ ತನ್ನ ಮೇಲೇ ಸಿಟ್ಟು ಬಂತು. ತಮ್ಮ ಬಂದಾಗಲೆಲ್ಲ ಕೋಣೆ ಸೇರುತ್ತಿದ್ದ ಮಗಳನ್ನು ಜಂಬದವಳೆಂದು ಬೈದು, ಎಳೆದು ತಂದು ಅವನಿಗೆ ನಮಸ್ಕಾರ ಮಾಡಿಸಿದ್ದವಳು ತಾನೇ. ಕಳ್ಳಕಾಕರಿಗೆ ಹೆದರಿ ಕಿಟಕಿಗೆಲ್ಲ ಕಂಬಿ ಹಾಕಿಸಿದವಳು ಮನೆಯ ಬೀಗದ ಕೈಯನ್ನು ಅವನಿಗೇ ಕೊಟ್ಟಿದ್ದಳು.

"ಅಕ್ಕಾ, ಎಲ್ಲಿ ನಮ್ಮ ಮದುಮಗಳು?" ಹೊರಬಾಗಿಲಲ್ಲಿ ಬದರಿಯ ದನಿ. ಆರಾಧನಾ ಹಿಂದೆ ಸರಿದು ಗೋಡೆಗೆ ಒತ್ತಿಕೊಂಡಳು.

ಮಾಧವಿ ಚಿಲಕ ತೆಗೆದು ಹೋಗಿ ಹೊರಬಾಗಿಲ ಹೊಸಿಲಿಗೆ ಅಡ್ಡ ನಿಂತಳು. ಬದರಿ ಸೀರೆಯ ತಟ್ಟೆ ಚಾಚಿದ.

"ವಾಪಸ್ ತಗೊಂಡ್ಹೋಗು. ಒಳಗೆ ಕಾಲಿಡ್ಬೇಡ. ಮದುವೆಗೂ ಬರ್ಬೇಡ."

"ಏನಕ್ಕ ಇದು, ಎಲ್ಲರೆದುರಿಗೆ..."

ಅವಳು ಅವನಿಗಷ್ಟೇ ಕೇಳುವಂತೆ ಹೇಳಿದಳು: "ನಾನು ಆಸ್ಪತ್ರೇಲಿದ್ದಾಗ ನೀನೇನು ಮಾಡ್ದೆ ಅಂತ ನಂಗೆ ಗೊತ್ತಾಯ್ತು."

ಏನು ಮಾಡಿದೆ ಎಂದು ಅವನು ಕೇಳಲಿಲ್ಲ. ತಟ್ಟೆ ಹಿಡಿದುಕೊಂಡೇ ಮೆಟ್ಟಿಲಿಳಿದ.

ನಡುಮನೆಯಲ್ಲಿ ಕೂತಿದ್ದ ಮಾಧವಿಯ ತಾಯಿ ಜಾನಕಮ್ಮ ಕುರ್ಚಿಯಿಂದ ಏಳಲು ಹೋಗಿ ಏಳಲಾರದೆ ಕೂಗಿದರು: "ಅವನನ್ನ ಯಾಕೇ ಕಳಿಸ್ದೆ? ಮಗೂನ ಮಂಟಪಕ್ಕೆ ಯಾರೇ ಕರ್ಕೊಂಡ್ಬರೋದು?"

"ನಾನಮ್ಮ."

"ಶಾಸ್ತ್ರ?"

"ಶಾಸ್ತ್ರಕ್ಕೆ ನಾನು ಉತ್ತರ ಹೇಳ್ಕೋತೀನಿ."

ಆರಾಧನಾ ಕೋಣೆಯ ಬಾಗಿಲಲ್ಲೇ ನಿಂತಿದ್ದಳು. ಮಾಧವಿ ಹತ್ತಿರ ಹೋದಳು. "ಕಂಪ್ಲೇಂಟ್ ಕೊಡೋದು ಬಿಡೋದು ನಿಂಗೆ ಬಿಟ್ಟಿದ್ದು. ಏನ್ ಮಾಡಿದ್ರೂ ನಾನು ಜೊತೇಲಿರ್ತೀನಿ." ಅಭ್ಯಾಸಬಲದಿಂದ ಮಗಳ ಕೈ ಹಿಡಿಯಲು ಚಾಚಿದವಳು ಅರ್ಧಕ್ಕೇ ತಡೆದಳು.

"ಹಿಡ್ಕೊಳ್ಳಲಾ?"

ಆರಾಧನಾ ಸ್ವಲ್ಪ ಹೊತ್ತು ಆ ಕೈಯನ್ನೇ ನೋಡಿದಳು. ಆಮೇಲೆ ತಾನೇ ಹಿಡಿದುಕೊಂಡಳು.