ಮೂರನೇ ಸಲ ಕೇಳದವಳು

ಇರೀನ್ ಅತ್ತೆ ಬಡಗಣ ಸೀಮೆಯ ಬಫಲೋದವಳು. ನನ್ನ ಸೋದರಮಾವ ಡೆಲ್ಬರ್ಟ್ ಅಲ್ಲಿನ ಉಕ್ಕಿನ ಕಾರ್ಖಾನೆಗೆ ದುಡಿಯಲು ಹೋಗಿ ಅವಳನ್ನು ಕಟ್ಟಿಕೊಂಡ. ನಿವೃತ್ತಿಯಾದ ಮೇಲೆ ತೆಂಕಣ ಸೀಮೆಯಲ್ಲಿ, ಅಲಬಾಮದ ನಮ್ಮೂರಿಗೆ ಕರೆತಂದು ನಮ್ಮ ತಲೆಗೆ ಕಟ್ಟಿದ. ಮೆಕ್ಕೆಜೋಳದ ಬ್ರೆಡ್ಡಿಗೆ ಸಕ್ಕರೆ ಸುರಿಯುವವಳು, ತಣ್ಣನೆಯ ಚಹಾಕ್ಕೆ ಸಕ್ಕರೆ ಹಾಕದವಳು, ಎರಡೂ ನಮ್ಮ ಪದ್ಧತಿಗೆ ತಿರುಗಾಮುರುಗಾ. ಗಂಡನ ಅಕ್ಕನಾದ ನಮ್ಮಮ್ಮನನ್ನು ಮೊದಲ ದಿನದಿಂದಲೇ ಬರಿ 'ಓರಾ' ಎಂದು ಕರೆದಳು. ನಮ್ಮಲ್ಲಿ ಅಂಚೆಯವನೂ ಹಾಗೆ ಕರೆಯುವುದಿಲ್ಲ.

ಬಂದ ವಾರದಲ್ಲೇ ಒಂದು ಸಂಜೆ ನಮ್ಮ ಮನೆಗೆ ಬಂದಿದ್ದಳು. ಹೊರಟು ನಿಂತಾಗ ಅಮ್ಮ, "ಊಟ ಮಾಡ್ಕೊಂಡೇ ಹೋಗು" ಅಂದಳು. ಮೆಟ್ಟಿಲಿಳಿಯುವ ಯಾರಿಗಾದರೂ ನಾವು ಹೇಳುವ ಮಾತು ಅದು. 'ಬೇಡ, ಮನೇಲಿ ಮಾಡಿಟ್ಟಿದೀನಿ' ಅನ್ನಬೇಕು, ಹೋಗಬೇಕು. ನಿಜವಾಗಿ ಕರೆಯುವವರು ಮೂರು ಸಲ ಕರೆಯುತ್ತಾರೆ, ಎರಡು ಸಲ ಬೇಡವೆಂದು ಮೂರನೇ ಸಲಕ್ಕೆ ಕೂರುವುದು ಮರ್ಯಾದೆ. ಈ ಮಹಾತಾಯಿ "ಸರಿ" ಎಂದು ಚೀಲ ಕೆಳಗಿಟ್ಟು ಕುರ್ಚಿ ಎಳೆದುಕೊಂಡಳು. ಅಮ್ಮ ತನ್ನ ಪಾಲಿನ ಕೋಳಿ ತುಂಡನ್ನು ಅವಳ ತಟ್ಟೆಗೆ ಹಾಕಿ ನಗುನಗುತ್ತಾ ಬಡಿಸಿದಳು.

ಅವಳ ಕಾರು ತಿರುವು ದಾಟಿದ್ದೇ ತಡ, "ಅಂತರ್ಯುದ್ಧದಲ್ಲಿ ಈ ಬಡಗಣದವರ ಮುತ್ತಾತಂದಿರೂ ಬಂದೂಕು ಹಿಡ್ಕೊಂಡು ಹೀಗೇ ಬಂದು ಕೂತಿದ್ದು" ಅಂದಳು ಅಮ್ಮ. ಮುಂದಿನ ಭಾನುವಾರ ಚರ್ಚಿನಲ್ಲೂ ಅದನ್ನೇ ಹೇಳಿದಳು. ಆ ಕಥೆಗೆ ಊರು ವರ್ಷಗಟ್ಟಲೆ ನಕ್ಕಿತು. ನಾನೂ ನಕ್ಕಿದ್ದೇನೆ, ಇಲ್ಲವೆನ್ನುವುದೇಕೆ.

ಹೋದ ಬೇಸಿಗೆಯಲ್ಲಿ ಡೆಲ್ಬರ್ಟ್ ಮಾವ ಟೊಮೇಟೊ ಪಾತಿಯಲ್ಲಿ ಕುಸಿದು ಬಿದ್ದವನು ಏಳಲಿಲ್ಲ. ತನ್ನನ್ನು ಎಲ್ಲಿ ಹೂಳಬೇಕೆಂದು ಯಾರಿಗೂ ಹೇಳಿರಲಿಲ್ಲ. ಅವನೂ ನಮ್ಮವನೇ ತಾನೆ, ಬೇಕಾದ್ದನ್ನು ಬಾಯಿಬಿಟ್ಟು ಹೇಳಿದ್ದು ಯಾವಾಗ? ಆದರೆ ಚರ್ಚಿನ ಹಿಂದಿನ ದಿಬ್ಬದಲ್ಲಿ ಅಜ್ಜಿಯ ಪಕ್ಕದ ಜಾಗ ಅವನದೆಂದೇ ಬಿಟ್ಟಿದ್ದರು. ಅದರ ಪಕ್ಕದ್ದು ಅಮ್ಮನದು. ತಾನೇ ಎತ್ತಿ ಆಡಿಸಿದ ತಮ್ಮ ತನ್ನ ಪಕ್ಕದಲ್ಲಿ ಮಲಗಬೇಕು, ಅಮ್ಮನಿಗೆ ಇದ್ದದ್ದು ಅದೊಂದೇ ಆಸೆ.

ಮರುದಿನ ಇರೀನ್ ಅತ್ತೆ ನಮ್ಮ ಅಡುಗೆಮನೆಗೆ ಬಂದಳು. ಕೂರಲಿಲ್ಲ. ಕಣ್ಣು ಕೆಂಪಾಗಿದ್ದವು, ದನಿ ಮಾತ್ರ ಕಡ್ಡಿ ಮುರಿದ ಹಾಗೆ.

"ಓರಾ, ಡೆಲ್ಬರ್ಟ್‌ನ ಇಲ್ಲಿ ಹೂಳ್ಬೇಕಾ, ಇಲ್ಲಾ ಬಫಲೋಗೆ ಕರ್ಕೊಂಡು ಹೋಗ್ಲಾ? ಒಂದೇ ಮಾತಲ್ಲಿ ಹೇಳಿ."

ಸತ್ತ ಮನೆಯಲ್ಲಿ ಹೀಗೆ ಕೇಳುತ್ತಾರೆಯೇ? ಅಮ್ಮ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿದಳು.

"ಅಯ್ಯೋ, ನಮ್ಮದೇನಿದೆ ಕಣಮ್ಮ. ನೀನು ಹೆಂಡ್ತಿ. ನಿನಗೆ ಹೇಗೆ ಅನುಕೂಲವೋ ಹಾಗೆ ಮಾಡು. ನಮಗೋಸ್ಕರ ತೊಂದ್ರೆ ತಗೋಬೇಡ."

"ಸರಿ," ಎಂದು ಅತ್ತೆ ಹೊರಟುಹೋದಳು.

"ಅಮ್ಮ, ಅವಳು ನಿಜ ಅಂದ್ಕೋತಾಳೆ" ಅಂದೆ.

"ಇನ್ನೊಂದ್ಸಲ ಕೇಳ್ತಾಳೆ ಬಿಡು. ಇಷ್ಟು ವರ್ಷದಿಂದ ಇಲ್ಲೇ ಬಿದ್ದಿದಾಳೆ, ಅಷ್ಟೂ ತಿಳಿಯಲ್ವಾ?"

ಅವಳು ಕೇಳಲಿಲ್ಲ. ಅಮ್ಮನೂ ಬಾಯಿ ಬಿಡಲಿಲ್ಲ; ತಾನಾಗಿ ಹೋಗಿ ಹೇಳಿದರೆ ಬೇಡಿದ ಹಾಗಾಗುತ್ತದಂತೆ. ಹೇಳುವ ಬದಲು ಚರ್ಚಿನ ಹುಡುಗರಿಂದ ಗುಂಡಿ ತೋಡಿಸಿದಳು, ಪಾದ್ರಿಗೆ ಹೇಳಿದಳು, ಬರುವ ಜನಕ್ಕೆಂದು ಹಂದಿತೊಡೆ ಬೇಯಿಸಿದಳು. ಗುಂಡಿ ನೋಡಿದರೆ ಅವಳಿಗೆ ತಾನಾಗೇ ತಿಳಿಯುತ್ತದೆ ಎಂದುಕೊಂಡಿದ್ದಳು. ಹೂಳಬೇಕಿದ್ದ ದಿನ ಬೆಳಿಗ್ಗೆ, ಹೆಣ ಇರಿಸಿಕೊಂಡಿದ್ದ ಶವಸಂಸ್ಕಾರದ ಅಂಗಡಿಯವನು ಫೋನು ಮಾಡಿ, ಗಾಡಿ ಬಡಗಣಕ್ಕೆ ಹೊರಡುತ್ತಿದೆ, ಕೊನೆಯ ಸಲ ನೋಡುವುದಿದ್ದರೆ ಬನ್ನಿ ಎಂದ.

ನಾನೇ ಕಾರು ಓಡಿಸಿದೆ. ಕರಿಯ ಗಾಡಿಯ ಹಿಂಬಾಗಿಲು ಆಗಲೇ ಮುಚ್ಚಿತ್ತು. ಅತ್ತೆ ತನ್ನ ಕಾರಿನ ಪಕ್ಕ ನಿಂತಿದ್ದಳು.

"ಗುಂಡಿ ತೋಡಿಸಿದೀನಿ ಕಣೆ, ಇರೀನ್."

"ನಾನು ಕೇಳ್ದೆ. ತೊಂದ್ರೆ ತಗೋಬೇಡ ಅಂದ್ರಿ."

"ಇನ್ನೊಂದ್ಸಲ ಕೇಳ್ತೀಯ ಅಂದ್ಕೊಂಡಿದ್ದೆ."

"ಗೊತ್ತು."

ಅಮ್ಮ ಗಾಡಿಯ ಹಿಂಬಾಗಿಲ ಮೇಲೆ ಕೈಯಿಟ್ಟಳು.

"ಮೂರು ಸಲ ಕೇಳ್ಬೇಕು ಅಂತ ನನಗೆ ಗೊತ್ತಿಲ್ವಾ? ಚರ್ಚಲ್ಲಿ ನನ್ನ ಮುಂದೇನೇ ಆ ಊಟದ ಕಥೆ ಹೇಳ್ಕೊಂಡು ನಕ್ಕರಲ್ಲ, ಆವತ್ತೇ ಕಲಿತೆ. ಆಮೇಲೆ ನಿಮ್ಮನೇಲಿ ಒಂದು ತುತ್ತು ತಿಂದಿದೀನಾ? ನೀವದನ್ನ ನೋಡ್ಲೂ ಇಲ್ಲ. ಈ ಸಲ ನಿಮ್ಮ ಮಾತನ್ನ ನಮ್ಮ ಬಫಲೋದವರ ಥರ ತಗೊಂಡೆ, ಅಷ್ಟೆ."

ಬದುಕಿನಲ್ಲಿ ಮೊದಲ ಸಲ ಅಮ್ಮ ನೇರವಾಗಿ ಕೇಳಿದ್ದನ್ನು ನಾನು ನೋಡಿದೆ. "ನನಗೆ ನನ್ನ ತಮ್ಮ ಬೇಕು" ಅಂದಳು.

"ನನಗೂ ನನ್ನ ಗಂಡ ಬೇಕು."

ಅತ್ತೆ ಕಾರು ಹತ್ತಿದಳು. ಕರಿಯ ಗಾಡಿ ಹೊರಟಿತು. ಅವಳು ಕಿಟಕಿ ಇಳಿಸಿ ನಕ್ಕಳು. ನಮ್ಮಮ್ಮನದೇ ನಗು, ಬಾಗಿಲಲ್ಲಿ ನಿಂತು ನಗುವುದಿದೆಯಲ್ಲ, ಅದು.

"ಬಫಲೋ ಕಡೆ ಯಾವಾಗಾದ್ರೂ ಬಂದುಹೋಗಿ, ಓರಾ ಅಕ್ಕ," ಅಂದಳು. "ನಿಮ್ಮನೆ ಅಂತಾನೇ ತಿಳ್ಕೊಳ್ಳಿ."

ಅವಳು ಅಕ್ಕ ಅಂದದ್ದು ಅದೇ ಮೊದಲು. ಮನೆಗೆ ಒಂದೇ ಸಲ ಕರೆದು ಕಿಟಕಿ ಏರಿಸಿದಳು.