ಮೇಲಿನ ಕೋಣೆಯ ಕನ್ನಡಿ

ನಮ್ಮ ಮುದ್ರಣಾಲಯದಲ್ಲಿ ಕರಡನ್ನು ಇಬ್ಬರು ಕೂತು ನೋಡಬೇಕೆಂಬುದು ನಿಯಮ. ಒಬ್ಬರು ಮೂಲವನ್ನು ಗಟ್ಟಿಯಾಗಿ ಓದುತ್ತಾರೆ, ಇನ್ನೊಬ್ಬರು ಕರಡಿನ ಮೇಲೆ ಕಣ್ಣಿಟ್ಟು ಹಿಂಬಾಲಿಸುತ್ತಾರೆ. ಓದುವವರು ಮಾಲೀಕರ ಅಕ್ಕ, ನಮಗೆಲ್ಲ ದೊಡ್ಡಕ್ಕ. ಹಿಂಬಾಲಿಸುವವಳು ನಾನು, ಸೇರಿ ಎರಡು ತಿಂಗಳಾಗಿತ್ತು. "ಒಂದು ತಪ್ಪು ಅಚ್ಚಾದ್ರೂ ಈ ಕುರ್ಚಿ ಬೇರೆಯವರಿಗೆ" ಎಂದು ಮಾಲೀಕರು ಮೊದಲ ದಿನವೇ ಹೇಳಿದ್ದರು.

ಹಳೆಯ ಭಯಾನಕ ಕಥೆಯೊಂದರ ಮರುಮುದ್ರಣ ನಡೆದಿತ್ತು. ಪಾಳು ಬಂಗಲೆ, ಬೀಗ ಹಾಕಿದ ಮೇಲಿನ ಕೋಣೆ, ಅಲ್ಲಿ ಸತ್ತ ಯಜಮಾನಿ. ಕಥೆ ಹೇಳುವವನು ಆ ಮನೆಯ ಮೇಲ್ವಿಚಾರಕ. "ನಾನು ಜಾಗರೂಕ ಮನುಷ್ಯ, ಆ ಕೋಣೆಗೆ ಒಮ್ಮೆಯೂ ಕಾಲಿಟ್ಟವನಲ್ಲ" ಎಂದೇ ಶುರುಮಾಡುತ್ತಾನೆ. ಮನೆಯಿಂದ ಹೊರಡುವಾಗ ಬೀಗವನ್ನು ಮೂರು ಸಲ ಎಳೆದು ನೋಡುವ ನನಗೆ ಅಂಥವನ ಮೇಲೆ ನಂಬಿಕೆ ಹುಟ್ಟಿದ್ದು ಸಹಜವೇ.

ಹೋದ ವಾರ ದೊಡ್ಡಕ್ಕನಿಗೆ ಜ್ವರ. ಮೊದಲ ಭಾಗವನ್ನು ನಾನೊಬ್ಬಳೇ ನೋಡಿ ಮುಗಿಸಿದ್ದೆ. ಅದು ಈಗ ಕೆಳಗೆ ಯಂತ್ರದ ಮೇಲಿತ್ತು. ನಾವು ಎರಡನೆಯ ಭಾಗಕ್ಕೆ ಕೂತೆವು.

"'ಮೇಲಿನ ಕೋಣೆಯ ಕನ್ನಡಿಯಲ್ಲಿ ನೋಡಿಕೊಂಡರೆ ಮುಖ ಎರಡಾಗಿ ಸೀಳಿದಂತೆ ಕಾಣುತ್ತದೆ'" ಎಂದು ದೊಡ್ಡಕ್ಕ ಓದಿದರು.

"ಅಲ್ಲಿ ತಪ್ಪಿದೆ ದೊಡ್ಡಕ್ಕ," ಎಂದೆ. "ಅವನು ಆ ಕೋಣೆಗೆ ಹೋಗೇ ಇಲ್ವಲ್ಲ. ಪಡಸಾಲೆ ಕನ್ನಡಿ ಅಂತ ಮಾಡ್ತೀನಿ. ಮೊದಲ್ನೇ ಭಾಗದಲ್ಲೂ ಆ ಕೋಣೆ ಕಿಟಕಿಯಿಂದ ಕೊಳ ಕಾಣುತ್ತೆ ಅಂದಿದ್ದ. ಪಡಸಾಲೆ ಕಿಟಕಿ ಅಂತ ತಿದ್ದಿದೆ."

ದೊಡ್ಡಕ್ಕ ಕನ್ನಡಕ ತೆಗೆದರು. "ಹೋಗೇ ಇಲ್ಲ ಅಂತ ನಿಂಗೆ ಯಾರಮ್ಮ ಹೇಳಿದ್ದು?"

"ಅವನೇ."

"ಆಹಾ! ನಾನು ಹಾಲು ಕುಡಿದಿಲ್ಲ ಅಂತ ಬೆಕ್ಕು ಬಂದು ಹೇಳ್ತಂತೆ, ಇವಳು ಅದರ ಮೀಸೆ ಒರೆಸಿ ಕಳಿಸಿದ್ಲಂತೆ."

ನನ್ನ ಪೆನ್ನು ನಿಂತಿತು.

"ಕೋಣೆಗೆ ಹೋಗಿದ್ಯಾ ಅಂತ ಅವನನ್ನ ಯಾರೂ ಕೇಳಿಲ್ಲ. ಆದ್ರೂ ಗಳಿಗೆಗೊಂದ್ಸಲ ಇಲ್ಲ ಇಲ್ಲ ಅಂತಾನೆ," ದೊಡ್ಡಕ್ಕ ಪುಟ ತಿರುವಿದರು. "ಕುಂಬಳಕಾಯಿ ಕಳ್ಳ ಅಂದ್ರೆ ಹೆಗಲು ಮುಟ್ಟಿ ನೋಡ್ಕೊಂಡ್ನಂತೆ. ಇವನು ಯಾರೂ ಅನ್ನೋಕ್ಮುಂಚೇನೇ ಮುಟ್ಕೋತಾನೆ. ಹಿಂದಿನ ಮುದ್ರಣಕ್ಕೂ ನಾನೇ ಓದಿದ್ದು, ಯಜಮಾನೀನ ಯಾರು ಕೊಂದಿದ್ದು ಅಂತ ಎಲ್ಲೂ ಬರೆದಿಲ್ಲ ಕಣಮ್ಮ. ಆ ಕಿಟಕಿ, ಈ ಕನ್ನಡಿ, ಇಷ್ಟೇ ಸಾಕ್ಷಿ."

ಅವರು ಆ ಸಾಲನ್ನು ಮತ್ತೊಮ್ಮೆ ಓದಿದರು, ಮೇಲ್ವಿಚಾರಕನ ತಣ್ಣನೆಯ ದನಿಯಲ್ಲಿ. ನನ್ನ ಮೈ ಜುಮ್ಮೆಂದಿತು, ಭಯಕ್ಕಿಂತ ಬೆರಗಿನಿಂದ. ಇಡೀ ಕೊಲೆಯನ್ನು ಒಂದು ಕಿಟಕಿಯಲ್ಲಿ, ಒಂದು ಕನ್ನಡಿಯಲ್ಲಿ ಇಟ್ಟು, ಓದುವವರು ಕಂಡೇ ಕಾಣುತ್ತಾರೆಂದು ನಂಬಿ ಸುಮ್ಮನಾದ ಆ ಬರಹಗಾರನ ಧೈರ್ಯ ಎಂಥದು! ಏಳನೆಯ ತರಗತಿಗೇ ಶಾಲೆ ಬಿಟ್ಟ ದೊಡ್ಡಕ್ಕ ಅದನ್ನು ಕಿವಿಯಿಂದಲೇ ಹಿಡಿದಿದ್ದರು. ಪದವಿ ಪಡೆದ ನಾನು ಬಟ್ಟೆ ಹಿಡಿದು ಸಾಕ್ಷಿ ಒರೆಸುತ್ತ ಕೂತಿದ್ದೆ.

ಯಂತ್ರದ ಅದುರುವಿಕೆ ನೆಲದಿಂದ ಕಾಲಿಗೆ ತಿಳಿಯುತ್ತಿತ್ತು. ನಾನು ಕಿಟಕಿ ಬದಲಿಸಿದ ಪುಟ ಕೆಳಗೆ ಸಾವಿರಗಟ್ಟಲೆ ಅಚ್ಚಾಗುತ್ತಿತ್ತು.

ಓಡಿದೆ. ಮೆಟ್ಟಿಲು ಇಳಿಯುವಷ್ಟರಲ್ಲಿ ನೆಪದ ವಾಕ್ಯಗಳು ತಾವಾಗಿಯೇ ಜೋಡಣೆಗೊಂಡಿದ್ದವು: ಮೂಲದ ಪ್ರತಿ ಮಸುಕಾಗಿತ್ತು, ಅಕ್ಷರ ಜೋಡಿಸಿದವರ ತಪ್ಪಿರಬೇಕು.

"ನಿಲ್ಸಿ, ಪುಟ ತಪ್ಪಿದೆ!" ಎಂದು ಕೂಗಿದೆ. ಯಂತ್ರ ನಿಂತಿತು. ಮಾಲೀಕರು ಹಾಳೆಯೊಂದನ್ನು ಎತ್ತಿಕೊಂಡು ನನ್ನತ್ತ ತಿರುಗಿದರು.

"ಯಾರ ಕೆಲ್ಸ ಇದು?"

"ಸರ್, ನಾನು ಯಾವಾಗ್ಲೂ ಬಹಳ ಜಾಗರೂಕತೆಯಿಂದ…"

ಆ ದನಿ ನನಗೆ ಗೊತ್ತಿತ್ತು. ಅದು ಮೇಲ್ವಿಚಾರಕನದು, ಈಗಷ್ಟೇ ಮೇಲೆ ಕೇಳಿ ಬಂದಿದ್ದೆ.

"ನಾನೇ ಸರ್. ಮೂಲದಲ್ಲಿ ಸರಿಯಾಗಿತ್ತು, ನಾನೇ ಕೆಡಿಸಿದೆ. ಅವನು ಆ ಕೋಣೆಗೆ ಹೋಗಿದ್ದ."

"ಯಾರಮ್ಮ ಹೋಗಿದ್ದು?" ಮಾಲೀಕರು ಗಾಬರಿಯಿಂದ ಮೇಲೆ ನೋಡಿದರು.

ಮೆಟ್ಟಿಲ ತುದಿಯಲ್ಲಿ ದೊಡ್ಡಕ್ಕ ನಿಂತಿದ್ದರು. "ಆ ಪುಟಕ್ಕೆ ಬೇರೆ ಅಚ್ಚಿನ ಪ್ಲೇಟ್ ಮಾಡ್ಸು ತಮ್ಮಾ, ಆಮೇಲೆ ಹೇಳ್ತೀನಿ. ಮೊದ್ಲು ಅವಳನ್ನ ಮೇಲಕ್ಕೆ ಕಳ್ಸು. ಇನ್ನೂ ನಲವತ್ತು ಪುಟ ಇದೆ."