ಮುಂದಿನ ಜೋಡಿ ಕೊಂಬು

ಆ ಬೆಳಗ್ಗೆ ಜಗಳೂರಿನ ಮೇಲೆ ಮೋಡವೂ ಇರಲಿಲ್ಲ, ಬಿಸಿಲೂ ಇನ್ನೂ ಬಲಿತಿರಲಿಲ್ಲ. ಹಿಂದಿನ ಸಂಜೆ ಬೀಸಿದ ಗಾಳಿ ಎಬ್ಬಿಸಿದ ಧೂಳು ನೆಲಕ್ಕಿಳಿಯದೆ ಹಾಗೇ ನಿಂತು, ಆಕಾಶವೆಲ್ಲ ನೀರುಮಜ್ಜಿಗೆಯ ಬಣ್ಣಕ್ಕೆ ತಿರುಗಿತ್ತು. ಬಸ್ ಸ್ಟ್ಯಾಂಡಿನ ಪಕ್ಕದ ತನ್ನ ಸ್ಟುಡಿಯೋದಲ್ಲಿ ಮಮತಾ ಕಂಪ್ಯೂಟರಿನ ಮೇಲಿನ ಫೋಟೋ ನೋಡುತ್ತ ಕೂತಿದ್ದಳು. ಫೋಟೋದ ಬಣ್ಣವೂ ಹೊರಗಿನ ಆಕಾಶದ್ದೇ.

ಅವಳ ಬೆನ್ನ ಹಿಂದೆ ಇಬ್ಬರು ನಿಂತಿದ್ದರು. ಒಬ್ಬರು ಗುಡ್ಡದ ಕೆಳಗಿನ ಹಳ್ಳಿಯ ರಂಗಪ್ಪನ ಗುಡಿ ನೋಡಿಕೊಳ್ಳುವ ಹನುಮಣ್ಣ. ಇನ್ನೊಬ್ಬಳು ಆ ಗುಡಿಯ ಹಿಂದಿನ ನೀರಿನ ತೊಟ್ಟಿಗೆ ದಿನಾ ಸಂಜೆ ವಾಲ್ವು ತಿರುಗಿಸಿ ನೀರು ಬಿಡುವ ಓಬವ್ವ. ಕಾಡಿನ ಜೀವಕ್ಕೆ ಬೇಸಿಗೆಯಲ್ಲಿ ನೀರಿಡುವುದು ಆ ಗುಡಿಯ ಹಳೆಯ ನೇಮ. ಈ ವರ್ಷ ಬೋರಿನಲ್ಲಿ ನೀರು ಕಮ್ಮಿಯಾಗಿತ್ತು. ಕಾಡಿನಿಂದ ಯಾವ ಜೀವವೂ ಬರುತ್ತಿಲ್ಲ, ಓಬವ್ವ ತನ್ನ ಐದು ಆಡಿಗೆ ದೇವರ ನೀರು ಕುಡಿಸುತ್ತಿದ್ದಾಳೆ ಎಂದು ಊರಲ್ಲಿ ಮಾತು ಹುಟ್ಟಿತ್ತು. ನಾಲ್ಕು ಕೊಂಬಿನ ಕೊಂಡುಕುರಿ ಬರುತ್ತದೆ, ನಾನು ಕಣ್ಣಾರೆ ಕಂಡಿದ್ದೇನೆ ಎಂದು ಓಬವ್ವ ಹೇಳಿದ್ದಳು. ಹಾಗಾದರೆ ಫೋಟೋ ತೋರಿಸು ಎಂದಿದ್ದರು. ಅದಕ್ಕೇ ಮಮತಾ ಎರಡು ದಿನ ಬೆಳಗ್ಗೆ ಕಳ್ಳಿಸಾಲಿನ ಮರೆಯಲ್ಲಿ ಕೂತು ಬಂದಿದ್ದಳು.

"ಎಲ್ಲೈತವ್ವ ಕೊಂಡುಕುರಿ?" ಹನುಮಣ್ಣ ಕನ್ನಡಕ ಏರಿಸಿ ಬಗ್ಗಿದರು.

"ಇದೇ ನೋಡ್ರಿ, ತೊಟ್ಟಿ ಪಕ್ಕ."

"ಇದು ಆಡು."

"ಆಡಲ್ಲ ಕಣಣ್ಣ," ಓಬವ್ವ ಅಂದಳು. "ನಾಕು ಕೊಂಬಿತ್ತು. ಹಿಂದಕ್ಕೆರಡು, ಹಣೆ ಮುಂದೆ ಬೆರಳುದ್ದದವು ಎರಡು."

"ನಂಗೆ ಎರಡೇ ಕಾಣಸ್ತಾವೆ. ಮುಂದಿನವು ಎಲ್ಲಿ, ಮೇಯಾಕೆ ಹೋಗ್ಯಾವೇನು?"

ಮಮತಾ ಚಿತ್ರವನ್ನು ದೊಡ್ಡದು ಮಾಡಿದಳು. ಇದ್ದದ್ದೂ ಕರಗಿತು. ಮೈಯ ಕಂದು, ಹಿಂದಿನ ಪೊದೆ, ತೊಟ್ಟಿಯ ನೆರಳು ಎಲ್ಲವೂ ಒಂದೇ ಬೂದಿಯಲ್ಲಿ ಕಲಸಿದ ಹಾಗಿದ್ದವು. ಎರಡು ದಿನ ಬೆಳಗ್ಗೆ ತೆಗೆದ ಎಂಬತ್ತು ಫೋಟೋಗಳೂ ಹೀಗೇ ಬಂದಿದ್ದವು.

ಹನುಮಣ್ಣ ಕೆಟ್ಟವರಲ್ಲ. ಊರ ನಲ್ಲಿಯ ಮುಂದೆ ಬಿಂದಿಗೆ ಸಾಲು ಬೆಳೆಯುವುದನ್ನು ದಿನಾ ನೋಡುತ್ತಿದ್ದವರು. "ಪ್ರತ್ಯಕ್ಷ ಕಂಡ್ರೂ ಪ್ರಮಾಣಿಸಿ ನೋಡು ಅಂದಾರೆ ಹಿರೇರು," ಎಂದರು. "ಸೋಮವಾರ ಊರು ಕೂಡ್ತೈತೆ. ಅಷ್ಟ್ರೊಳಗೆ ನಾಕು ಕೊಂಬು ತೋರ್ಸಿದ್ರೆ ಸರಿ. ಇಲ್ಲಾಂದ್ರೆ ಆ ಪೈಪು ಊರ ಟ್ಯಾಂಕಿಗೆ. ಅಲ್ಲೀತಂಕ ವಾಲ್ವಿನ ಕೀಲಿ ನನ್ನ ಹತ್ರ ಇರ್ಲಿ."

ಓಬವ್ವ ಸೆರಗಿನ ಗಂಟು ಬಿಚ್ಚಿ ಕೀಲಿ ತೆಗೆದು ಅವರ ಅಂಗೈಯಲ್ಲಿಟ್ಟಳು. ಹನ್ನೊಂದು ವರ್ಷದಿಂದ ಆ ಗಂಟು ಖಾಲಿಯಾಗಿರಲಿಲ್ಲ.

ಅವರು ಹೋದ ಮೇಲೆ ಮಮತಾಳಿಗೆ ಸುಮ್ಮನೆ ಕೂರಲಾಗಲಿಲ್ಲ. ಬರುವ ಜೀವ ಬಂದಿತ್ತು, ನೀರು ಕುಡಿದು ಹೋಗಿತ್ತು. ಓಬವ್ವ ಸುಳ್ಳಿಯಾದದ್ದು ತನ್ನ ಲೆನ್ಸಿನಿಂದ. ಮೊಳದುದ್ದದ ಆ ಹಳೆಯ ಟೆಲಿ ಲೆನ್ಸನ್ನು ಟವೆಲ್ಲಿನಲ್ಲಿ ಸುತ್ತಿ, ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು, ದಾವಣಗೆರೆಯಲ್ಲಿ ಬಸ್ಸು ಬದಲಿಸಿ ಹೊನ್ನಾಳಿಗೆ ಹೊರಟಳು.

ಆ ಲೆನ್ಸು ಹೊನ್ನಾಳಿಯ ತಿಪ್ಪೇರುದ್ರಸ್ವಾಮಿಯವರದು. ರೀಲಿನ ಕಾಲದಲ್ಲಿ ಅವರು ಅದನ್ನು ಹೆಗಲಿಗೇರಿಸಿ ಚನ್ನಗಿರಿ ಕಡೆಯ ಸೂಳೆಕೆರೆಯ ಹಕ್ಕಿಗಳ ಹಿಂದೆ ವಾರಗಟ್ಟಲೆ ಅಲೆದವರು. ಈಗ ಹೊಳೆಯ ದಾರಿಯಲ್ಲಿ ದೇವರ ಪಟಕ್ಕೆ ಕಟ್ಟು ಹಾಕುವ ಅಂಗಡಿ. ಮಮತಾಳಿಗೆ ಕೆಲಸ ಕಲಿಸಿದ ಈ ಗುರುಗಳೇ ಮೂರು ವರ್ಷದ ಹಿಂದೆ, "ನನ್ನ ಕಣ್ಣಿಗೆ ಪೊರೆ ಬಂತು, ಇದರ ಕಣ್ಣು ಇನ್ನೂ ಚೆನ್ನಾಗೈತೆ, ಇಟ್ಕೊ," ಎಂದು ಕೊಟ್ಟಿದ್ದರು.

ಮಮತಾ ಫೋಟೋ ತೋರಿಸಿ ತಲೆ ತಗ್ಗಿಸಿದಳು. "ಗಾಜಿಗೂ ವಯಸ್ಸಾತೇನೋ ಸ್ವಾಮೇರೇ."

"ಇದಕ್ಕೆ ವಯಸ್ಸಾದ್ರೆ ನಾನು ಯಾವಾಗ್ಲೋ ಹೊಳೆ ದಂಡೆ ಸೇರ್ಬೇಕಿತ್ತು," ಎಂದು ಸ್ವಾಮೇರು ಲೆನ್ಸು ಎತ್ತಿಕೊಂಡರು. ಮುಂದಿನ ಮುಚ್ಚಳ ತೆಗೆದು ಮೊಬೈಲಿನ ಟಾರ್ಚು ಹಿಡಿದರು. ಮುಂದಿನ ಗಾಜು ಸ್ವಚ್ಛವಾಗಿತ್ತು. ತಿರುಗಿಸಿ, ಕ್ಯಾಮೆರಾಕ್ಕೆ ಅಂಟುವ ಹಿಂದಿನ ಗಾಜಿಗೆ ಬೆಳಕು ಬಿಟ್ಟರು. ಅಲ್ಲಿ ಹಾಲಿನ ಕೆನೆ ಕಟ್ಟಿದಂತೆ ಒಂದು ತೆಳು ಪೊರೆ ಹೊಳೆಯಿತು. ಅವರು ಮೂಗಿನ ಹತ್ತಿರ ತಂದು ಉಸಿರೆಳೆದುಕೊಂಡರು.

"ಅಮಾಸೆ ಪೂಜೆ ಹೆಂಗೆ ಮಾಡ್ತೀಯವ್ವ ಅಂಗಡೀಲಿ?"

ಮಮತಾಳಿಗೆ ಇದೇನು ಪ್ರಶ್ನೆ ಎನಿಸಿತು. "ಎಲ್ಲಾರೂ ಮಾಡ್ದಂಗೇ ರೀ. ಕ್ಯಾಮೆರಾ, ಲೆನ್ಸು ಮಣೆ ಮೇಲಿಟ್ಟು, ವಿಭೂತಿ ಹಚ್ಚಿ, ಲೋಬಾನ ಹಾಕ್ತೀನಿ."

"ಇದಕ್ಕೆ ಮುಚ್ಚಳ ಇರ್ತೈತೋ?"

"ಇಲ್ರಿ, ಎರಡೂ ಕಡೆ ತೆಗೀತೀನಿ. ಕಣ್ಣು ಮುಚ್ಚಿಸಿ ದೇವರ ಮುಂದೆ ಕೂರ್ಸೋದು ಹೆಂಗ್ರಿ? ಲೆನ್ಸನ್ನ ನೆಟ್ಟಗೆ ನಿಲ್ಸಿ, ಧೂಪದ ಹೊಗೆ ಅದರೊಳಗೆ ಹಾಯಂಗೆ ಹಿಡೀತೀನಿ."

ಸ್ವಾಮೇರು ನಗಲಿಕ್ಕೆ ಶುರು ಮಾಡಿದವರು ಕೆಮ್ಮು ಬಂದ ಮೇಲೇ ನಿಲ್ಲಿಸಿದ್ದು. "ಮೂರು ವರ್ಷ. ಮೂವತ್ತಾರು ಅಮಾಸೆ ಹೊಗೆ ಕುಡದೈತಲ್ಲೇ ಇದು. ಚಿಲುಮೆ ಸೇದೋ ಬೈರಾಗೀನೂ ಇಷ್ಟು ಕುಡಿಯಲ್ಲ."

ಮಮತಾಳ ಕಣ್ಣು ತುಂಬಿದವು. ಮುಂದಿನ ಗಾಜನ್ನು ದಿನಾ ಒರೆಸುತ್ತಿದ್ದಳು. ಹಿಂದಿನದನ್ನು ಮುಟ್ಟಬಾರದೆಂಬ ಭಯಕ್ಕೆ ಒಮ್ಮೆಯೂ ನೋಡಿರಲಿಲ್ಲ. ಚಿತ್ರ ಸ್ವಲ್ಪ ಸ್ವಲ್ಪವೇ ಮಂಕಾಗುತ್ತ ಬಂದದ್ದು ಅವಳಿಗೆ ತಿಳಿಯದೇ ಹೋಗಿತ್ತು. "ಹಂಗಾರೆ ನಾನು ಪೂಜೆ ಮಾಡಿದ್ದೇ ತಪ್ಪಾ ಸ್ವಾಮೇರೇ?"

"ಪೂಜೆ ಯಾಕೆ ತಪ್ಪಾಗ್ತೈತೆ? ಗರ್ಭಗುಡೀಲೂ ಹೊಗೆ ಹೋಗಾಕೆ ಒಂದು ಕಿಂಡಿ ಇಟ್ಟಿರ್ತಾರೆ. ಇದಕ್ಕೆ ಕಿಂಡಿ ಎಲ್ಲೈತೆ? ಇನ್ಮ್ಯಾಲೆ ಮುಚ್ಚಳ ಹಾಕೇ ಕೈಮುಗಿ. ಮುಚ್ಚಿದ್ರೂ ಒಳಗಿರೋದು ದೇವ್ರಿಗೆ ಕಾಣ್ತೈತೆ."

ಅವರು ಮೆಡಿಕಲ್ ಶಾಪಿನಿಂದ ಸ್ಪಿರಿಟ್ ತರಿಸಿದರು. ನೂರು ಸಲ ಒಗೆದು ಮೆತ್ತಗಾದ ಪಂಚೆಯ ತುಂಡಿಗೆ ಎರಡು ಹನಿ ಹಾಕಿ, ನಡುವಿನಿಂದ ಅಂಚಿಗೆ ಸುತ್ತುತ್ತ, ಒತ್ತದೆ ಒರೆಸಿದರು. ಬಟ್ಟೆ ಹಳದಿಯಾಯಿತು. ಇನ್ನೊಂದು ತುಂಡು, ಮತ್ತೊಂದು. ಐದನೆಯದು ಬಿಳಿಯಾಗಿಯೇ ಉಳಿಯಿತು.

"ಇಷ್ಟಕ್ಕೇ ಮುಗೀಲಿಲ್ಲ," ಎಂದು ಹಳೆಯ ಲೆನ್ಸನ್ನು ಹೊಸ ಕ್ಯಾಮೆರಾಕ್ಕೆ ಕೂಡಿಸುವ ಬಳೆಯನ್ನು ಎತ್ತಿ ತೋರಿಸಿದರು. ನ್ಯಾಮತಿಯ ಲೇತ್ ಅಂಗಡಿಯಲ್ಲಿ ಮಾಡಿಸಿದ್ದು. ಒಳಮೈ ಬೆಳ್ಳಿಯ ಲೋಟದಂತೆ ಮಿರಿಮಿರಿ ಮಿಂಚುತ್ತಿತ್ತು. "ಚಂದ ಕಾಣ್ಲಿ ಅಂತ ಉಜ್ಜಿಸೀಯಾ?"

"ಹೌದ್ರಿ."

"ಅದೇ ಇನ್ನೊಂದು ಕಳ್ಳ. ಕಪ್ಪು ಅಂದ್ರೆ ಬೆಳಕು ಇಲ್ದಿರೋ ಜಾಗ ಕಣವ್ವ. ಬೇಡದ ಬೆಳಕು ಒಳಗೆ ನುಗ್ಗಿ, ಗೋಡೆಗೆ ಬಡಿದು ಕುಣಿದ್ರೆ ಆ ಕಪ್ಪೆಲ್ಲ ಬೂದಿ ಆಗ್ತೈತೆ. ಕಾಂಟ್ರಾಸ್ಟ್ ಕಾಂಟ್ರಾಸ್ಟ್ ಅಂತೀರಲ್ಲ, ಅದನ್ನ ಹೊರಗಿಂದ ತರಾಕಾಗಲ್ಲ. ಬೇಡದ್ದನ್ನ ತಡೆದ್ರೆ ತಾನೇ ಬರ್ತೈತೆ."

ಪಟದ ಹಿಂಬದಿಗೆ ಹಾಕುವ ಕಪ್ಪು ಮಖಮಲ್ ಬಟ್ಟೆಯನ್ನು ಅಳತೆಗೆ ಕತ್ತರಿಸಿ ಬಳೆಯ ಒಳಗೆ ಅಂಟಿಸಿದರು. ಲೆನ್ಸಿನ ಮೂತಿಗೆ ಕಪ್ಪು ರಟ್ಟಿನ ಗೇಣುದ್ದದ ಕೊಳವೆ ಸುತ್ತಿ, ಅದರ ಒಳಗೂ ಮಖಮಲ್ ಹಚ್ಚಿದರು. ಕೊನೆಗೆ ಕೇಳಿದರು: "ಕೂತಿದ್ದಾಗ ಸೂರ್ಯ ಎಲ್ಲಿದ್ದ?"

"ನನ್ನ ಎದುರಿಗೇ ರೀ."

"ಸೂರ್ಯನ ಮುಖ ನೋಡ್ಕೊಂಡು ಕೊಂಬು ಹುಡುಕ್ತಾ ಇದ್ಯಾ," ಎಂದಷ್ಟೇ ಹೇಳಿ ಲೆನ್ಸನ್ನು ಟವೆಲ್ಲಿನಲ್ಲಿ ಸುತ್ತಿ ಕೊಟ್ಟರು.

ಶನಿವಾರ ಬೆಳಕು ಹರಿಯುವ ಮೊದಲೇ ಮಮತಾ ಹಳ್ಳಿ ಮುಟ್ಟಿದಳು. ಗುಡಿಯ ಪೈಪು ಬಂದ್ ಆಗಿತ್ತು. ಆದರೂ ತೊಟ್ಟಿಯ ತಳದಲ್ಲಿ ಮೊಣಕೈ ಆಳದ ನೀರಿತ್ತು. ತನ್ನ ಮನೆಗೆ ಹಿಡಿದ ನೀರಿನಲ್ಲೇ ಓಬವ್ವ ದಿನಾ ಸಂಜೆ ನಾಲ್ಕು ಬಿಂದಿಗೆ ಹೊತ್ತು ತಂದು ಸುರಿದಿದ್ದಳು.

"ಸ್ನಾನಕ್ಕೇನ್ ಮಾಡಿದ್ಯಕ್ಕ?"

"ಅದು ಬಂದು ಒಣ ತೊಟ್ಟಿ ನೆಕ್ಕಿ ಹೋದ್ರೆ ನಂಗೆ ಮೈ ತೊಳ್ಕೊಂಡು ಏನಾಗ್ಬೇಕೈತೆ," ಎಂದಳು ಓಬವ್ವ.

ಈ ಸಲ ಸೂರ್ಯ ಬೆನ್ನಿಗೆ ಬರುವಂತೆ ಮೂಡಣ ದಿಕ್ಕಿನ ಬಂಡೆಯ ಮರೆಗೆ ಕೂರಬೇಕಿತ್ತು. ಗಾಳಿ ನಮ್ಮಿಂದ ತೊಟ್ಟಿ ಕಡೆಗೆ ಹೋಗಬಾರದು ಎಂದು ಓಬವ್ವ ಒಂದು ಚಿಟಿಕೆ ಮಣ್ಣು ಹಾರಿಸಿ ನೋಡಿ, ಜಾಗ ಹತ್ತು ಮಾರು ಸರಿಸಿದಳು. ಆ ದಿನ ಎರಡು ನವಿಲು ಬಿಟ್ಟರೆ ಯಾರೂ ಬರಲಿಲ್ಲ. ಹೊಸ ಮರೆಯನ್ನು ಕಂಡು ಹೆದರಿತೋ ಏನೋ. ಮಮತಾ ಮನಸ್ಸಿನಲ್ಲೇ ರಂಗಪ್ಪನಿಗೆ ಕೈಮುಗಿದಳು. ಕೇಳಿದ್ದು ಫೋಟೋವನ್ನಲ್ಲ, ಈ ಹೆಂಗಸಿನ ಮಾತು ಉಳಿಯಲಿ ಎಂದಷ್ಟೇ.

ಭಾನುವಾರ ಬಿಸಿಲು ಪೊದೆಯ ನೆತ್ತಿ ಮುಟ್ಟುವ ಹೊತ್ತಿಗೆ ಓಬವ್ವ ಅವಳ ಮಂಡಿ ಒತ್ತಿದಳು. ಲಂಟಾನ ಪೊದೆಯ ನಡುವಿನಿಂದ ಒಂದು ಹೆಜ್ಜೆ. ನಿಂತಿತು. ಇನ್ನೊಂದು ಹೆಜ್ಜೆ. ತೊಟ್ಟಿಯ ಅಂಚಿಗೆ ಬಂದು ತಲೆ ತಗ್ಗಿಸುವ ಮುನ್ನ ಕಿವಿ ಅಲುಗಿಸಿ ಅವರತ್ತಲೇ ನೋಡಿತು. ಮಮತಾ ಲೆನ್ಸಿನ ಫೋಕಸ್ ಬಳೆಯನ್ನು ಕೂದಲೆಳೆಯಷ್ಟು ತಿರುಗಿಸಿ, ಉಸಿರು ಹಿಡಿದು ಒತ್ತಿದಳು.

ಅದು ಹೋದ ಮೇಲೆ ಇಬ್ಬರೂ ಕ್ಯಾಮೆರಾದ ಪುಟ್ಟ ಪರದೆಗೆ ತಲೆ ಹಚ್ಚಿದರು. ಪೊದೆಯ ಕಪ್ಪು ಕಪ್ಪಾಗಿಯೇ ಇತ್ತು. ಅದರ ಮುಂದೆ ಕಂದು ಮೈ, ಕಣ್ಣಿನ ತೇವ, ಕಿವಿಗಳ ನಡುವೆ ನೆಟ್ಟಗಿನ ಎರಡು ಕೊಂಬು. ಹಣೆಯ ಮೇಲೆ, ಸಣ್ಣ ಮೊಳೆಯಂತೆ ಇನ್ನೆರಡು.

ಓಬವ್ವ ಎಣಿಸಲಿಲ್ಲ. ಪರದೆಯನ್ನು ಒಮ್ಮೆ ಕಣ್ಣಿಗೊತ್ತಿಕೊಂಡಳು.

ಕಂಪ್ಯೂಟರಿನಲ್ಲಿ ಇನ್ನಷ್ಟು ತಿದ್ದಬಹುದಿತ್ತು. ಮಮತಾ ತಿದ್ದಲಿಲ್ಲ. ಕಂಪ್ಯೂಟರು ಕೊಂಬು ಹುಟ್ಟಿಸಿತು ಎಂಬ ಮಾತು ಬರಬಾರದೆಂದು ಕ್ಯಾಮೆರಾವನ್ನೇ ಸೋಮವಾರ ಗುಡಿಯ ಜಗಲಿಗೆ ಒಯ್ದಳು. ಹನುಮಣ್ಣ ಕನ್ನಡಕ ಒರೆಸಿಕೊಂಡು ನೋಡಿದರು. ಬೆರಳಿಟ್ಟು ಒಂದು, ಎರಡು ಎಂದವರು ಮೂರಕ್ಕೆ ಸ್ವಲ್ಪ ತಡೆದು, ನಾಲ್ಕರ ಮೇಲಿಟ್ಟ ಬೆರಳನ್ನು ಎತ್ತಲೇ ಇಲ್ಲ.

"ಹನುಮಣ್ಣ, ಓಬವ್ವನ ಆಡಿಗೆ ಎರಡು ಕೊಂಬು ಜಾಸ್ತಿ ಬಂದಾವಲ್ಲಪ್ಪ," ಎಂದರು ಯಾರೋ. ಜನ ನಕ್ಕರು. ಹನುಮಣ್ಣ ನಗಲಿಲ್ಲ. "ದಿನಕ್ಕೆ ಹತ್ತು ನಿಮಿಷ ನೀರು. ಊರು ಅಷ್ಟು ತಡ್ಕೊಂತೈತೆ," ಎಂದು ಎದ್ದರು.

ಜನ ಚದುರಿದ ಮೇಲೆ ಮಮತಾ ಕ್ಯಾಮೆರಾ ಚೀಲಕ್ಕೆ ಹಾಕುತ್ತ ಗುಡಿಯ ಹಿಂದಕ್ಕೆ ನೋಡಿದಳು. ಓಬವ್ವ ತೊಟ್ಟಿಯೊಳಗಿಳಿದು ತೆಂಗಿನ ಜುಂಗಿನಿಂದ ಪಾಚಿ ಉಜ್ಜುತ್ತಿದ್ದಳು. ಹನುಮಣ್ಣ ಬಂದು ಅವಳ ಹತ್ತಿರ ನಿಂತರು. ಅವರು ಜೇಬಿನಿಂದ ಕೀಲಿ ತೆಗೆದು, ಧೋತರದ ಅಂಚಿಗೆ ಒರೆಸಿ, ಎರಡೂ ಕೈಯಲ್ಲಿ ಹಿಡಿದು ಮುಂದಕ್ಕೆ ಚಾಚಿದರು. ಓಬವ್ವ ಒದ್ದೆ ಕೈಯನ್ನು ಸೀರೆಗೆ ಒರೆಸಿಕೊಂಡು ಅದನ್ನು ತೆಗೆದುಕೊಂಡಳು.